ಆಂಟನ್ ಫ್ರೊಂಡೆಲ್: ಮೂರನೇ ಆಯ್ಕೆಯ ಹುಡುಗನನ್ನು ಸ್ವೀಡನ್ನಿಗೇ ವಾಪಸ್ ಕಳಿಸಿದ್ದು ಸರಿಯೇ? (2025-26ರ ಸೀಸನ್ ಶುರುವಿಗೆ ಮೊದಲು ನಡೆದ ಚರ್ಚೆ)

ನೀಲಿಗೆರೆ
ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2025ರ ಜೂನ್ ಡ್ರಾಫ್ಟ್‌ನಲ್ಲಿ ಷಿಕಾಗೊ ಬ್ಲ್ಯಾಕ್‌ಹಾಕ್ಸ್ ಮೂರನೇ ಆಯ್ಕೆಯಾಗಿ ಫ್ರೊಂಡೆಲ್‌ನನ್ನು ತೆಗೆದುಕೊಂಡಿತು. ಸ್ಟಾಕ್‌ಹೋಮ್‌ನ ಯೂರ್‌ಗೋರ್ಡೆನ್ ತಂಡದಲ್ಲಿ ಅವನ ಜತೆಗಾರನಾದ ವಿಕ್ಟರ್ ಎಕ್ಲುಂಡ್ 16ನೇ ಆಯ್ಕೆಯಾಗಿ ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಹೋದ. ಜುಲೈನಲ್ಲಿ ಷಿಕಾಗೊ ಫ್ರೊಂಡೆಲ್ ಜತೆ ಮೂರು ವರ್ಷದ ಒಪ್ಪಂದವನ್ನೂ ಮಾಡಿಕೊಂಡಿತು. ಮಾಡಿಕೊಂಡ ಮೇಲೆ ಹುಡುಗನನ್ನು ಪುನಃ ಸ್ಟಾಕ್‌ಹೋಮ್‌ಗೇ ಬಿಟ್ಟಿದೆ. ಅಭಿಮಾನಿಗಳ ಗುಂಪುಗಳಲ್ಲಿ ಇದಕ್ಕೇ ಗಲಾಟೆ: ಮೂರನೇ ಆಯ್ಕೆ ಅಂದಮೇಲೆ ನೇರ ಆಡಿಸಬೇಕಿತ್ತು, ಎರಡನೇ ದರ್ಜೆ ಲೀಗ್‌ನಲ್ಲಿ ಗೋಲು ಹೊಡೆದವನನ್ನು ಅಷ್ಟು ಮೇಲೆ ಆರಿಸಿದ್ದೇ ತಪ್ಪು, ಹೀಗೆ.

ಸ್ವೀಡನ್ನಿನ ವ್ಯವಸ್ಥೆ ಬಲ್ಲವರು ಇಲ್ಲಿ ಇದ್ದೀರಿ. ಈ ಒಂದು ವರ್ಷದಲ್ಲಿ ಅವನಲ್ಲಿ ಏನು ಬದಲಾಗಬೇಕು, ಅದು ಅಲ್ಲಿ ಆದೀತೇ ಅನ್ನುವುದನ್ನು ವಿವರವಾಗಿ ಬರೆಯಿರಿ. "ಪ್ರತಿಭೆ ಇದೆ, ಕಾಯಬೇಕು" ಎನ್ನುವ ಉತ್ತರ ಬೇಡ.

ಅಂಕಿಸಂಕಿ
ಮೊದಲು ಅಂಕಿ. ಫ್ರೊಂಡೆಲ್ 2024-25ರಲ್ಲಿ ಸ್ವೀಡನ್ನಿನ ಎರಡನೇ ದರ್ಜೆ ಲೀಗ್ ಹಾಕಿಆಲ್‌ಸ್ವೆನ್‌ಸ್ಕಾನ್‌ನಲ್ಲಿ 29 ಪಂದ್ಯ ಆಡಿ 11 ಗೋಲು, 14 ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್), ಒಟ್ಟು 25 ಪಾಯಿಂಟ್ ಮಾಡಿದ. ಎಕ್ಲುಂಡ್ 42 ಪಂದ್ಯದಲ್ಲಿ 31. ಹುಟ್ಟಿದ ತಾರೀಖು 2007ರ ಮೇ 7, ಅಂದರೆ ಆ ಸೀಸನ್ ಪೂರ್ತಿ ಅವನಿಗೆ ಹದಿನೇಳೇ. ಎದುರಿಗಿದ್ದವರು ಮೂವತ್ತು ದಾಟಿದ ಡಿಫೆನ್ಸ್ ಆಟಗಾರರು.

ಈ ಲೀಗ್‌ನ ಪಾಯಿಂಟ್‌ಗಳನ್ನು ಎನ್‌ಎಚ್‌ಎಲ್‌ಗೆ ಪರಿವರ್ತಿಸುವ ಗುಣಕಗಳನ್ನು ಬೇರೆ ಬೇರೆಯವರು ಬೇರೆ ಬೇರೆ ಥರ ಕಟ್ಟಿದ್ದಾರೆ. ಸ್ಥೂಲವಾಗಿ, ಮೇಲಿನ ಲೀಗ್ ಎಸ್‌ಎಚ್‌ಎಲ್‌ಗೆ ಅರ್ಧಕ್ಕಿಂತ ತುಸು ಜಾಸ್ತಿ, ಆಲ್‌ಸ್ವೆನ್‌ಸ್ಕಾನ್‌ಗೆ ಮೂರನೇ ಒಂದು. ಹಾಗೆ ಹಾಕಿದರೆ ಫ್ರೊಂಡೆಲ್‌ಗೆ 82 ಪಂದ್ಯಕ್ಕೆ 24ರ ಸುತ್ತಮುತ್ತ ಬರುತ್ತದೆ. ಅದನ್ನೇ ಹಿಡಿದುಕೊಂಡು "ನಾಲ್ಕನೇ ಲೈನಿನ ಆಟಗಾರ", ಅಂದರೆ ಎಲ್ಲರಿಗಿಂತ ಕಡಿಮೆ ಹೊತ್ತು ಆಡುವ ಕೊನೆಯ ಗುಂಪಿನವನು, ಅನ್ನುತ್ತಿದ್ದಾರೆ ಜನ.

ಆ ಸೂತ್ರ ಇಪ್ಪತ್ತೈದು ವಯಸ್ಸಿನವನಿಗೆ ಸರಿ. ಹದಿನೆಂಟರವನ ವಿಷಯದಲ್ಲಿ ಎಷ್ಟು ಎಡವುತ್ತದೆ ನೋಡಿ. ಎಸ್‌ಎಚ್‌ಎಲ್‌ಗೆ 0.55 ಇಟ್ಟುಕೊಳ್ಳೋಣ. ಲಿಯೋ ಕಾರ್ಲ್‌ಸನ್ 2022-23ರಲ್ಲಿ ಓರೆಬ್ರೂ ತಂಡಕ್ಕೆ 44 ಪಂದ್ಯದಲ್ಲಿ 25 ಪಾಯಿಂಟ್. ಸೂತ್ರ ಹೇಳುವುದು 82ಕ್ಕೆ 26. ಮರುವರ್ಷ ಆನಹೈಮ್ ಡಕ್ಸ್‌ನಲ್ಲಿ ಮಾಡಿದ್ದು 55 ಪಂದ್ಯದಲ್ಲಿ 29, ಅಂದರೆ 82ಕ್ಕೆ 43ರ ವೇಗ. ಎಲಿಯಾಸ್ ಪೆಟರ್ಸನ್ ವೆಕ್‌ಶೋ ತಂಡದಲ್ಲಿ 2017-18ರಲ್ಲಿ 44 ಪಂದ್ಯಕ್ಕೆ 56. ಸೂತ್ರ 57 ಅಂದಿತು, ವ್ಯಾಂಕೂವರ್‌ನಲ್ಲಿ 71 ಪಂದ್ಯಕ್ಕೇ 66 ಹೊಡೆದು ಕಾಲ್ಡರ್ ಟ್ರೋಫಿ (ವರ್ಷದ ಅತ್ಯುತ್ತಮ ಹೊಸಬನ ಪ್ರಶಸ್ತಿ) ಎತ್ತಿದ.

ಇನ್ನೊಂದು ಜೋಡಿ ಇದೆ, ನನಗೆ ಅದೇ ಮುಖ್ಯ. ಲೂಕಸ್ ರೇಮಂಡ್ (2020ರ ನಾಲ್ಕನೇ ಆಯ್ಕೆ, ಡೆಟ್ರಾಯಿಟ್) ಮತ್ತು ಅಲೆಕ್ಸಾಂಡರ್ ಹೋಲ್ಟ್ಸ್ (ಅದೇ ವರ್ಷ ಏಳನೇ ಆಯ್ಕೆ, ನ್ಯೂಜರ್ಸಿ). ಡ್ರಾಫ್ಟ್ ಆದ ಮೇಲೆ ಇಬ್ಬರೂ ಒಂದು ವರ್ಷ ಸ್ವೀಡನ್ನಿನಲ್ಲೇ ಇದ್ದರು. ರೇಮಂಡ್ 34 ಪಂದ್ಯಕ್ಕೆ 18, ಹೋಲ್ಟ್ಸ್ 40 ಪಂದ್ಯಕ್ಕೆ 18. ಸೂತ್ರಕ್ಕೆ ಇಬ್ಬರೂ ಹತ್ತಿರ ಹತ್ತಿರ ಒಂದೇ. 2021-22ರಲ್ಲಿ ರೇಮಂಡ್ 82 ಪಂದ್ಯ ಆಡಿ 57 ಪಾಯಿಂಟ್ ಮಾಡಿದ. ಹೋಲ್ಟ್ಸ್‌ಗೆ ಸಿಕ್ಕಿದ್ದು ಒಂಬತ್ತೇ ಪಂದ್ಯ. ಪೂರ್ತಿ ಸೀಸನ್ ಸಿಗಲು 2023-24ರ ತನಕ ಕಾಯಬೇಕಾಯಿತು, ಆಗ 28 ಪಾಯಿಂಟ್, ಆಮೇಲೆ ವೇಗಸ್‌ಗೆ ಟ್ರೇಡ್. ಪಾಯಿಂಟ್ ಪಟ್ಟಿ ನೋಡಿ ಈ ಇಬ್ಬರನ್ನು ಬೇರ್ಪಡಿಸಲು ಯಾರಿಗೂ ಆಗುತ್ತಿರಲಿಲ್ಲ.

ದಾವಣಗೆರೆ ದೀಪು
ಹಂಗಾದ್ರೆ ಆ ಇಬ್ಬರಲ್ಲಿ ವ್ಯತ್ಯಾಸ ಎಲ್ಲಿತ್ತು ಗುರು?

ಅಂಕಿಸಂಕಿ
ಪಕ್ (ಆಟದ ರಬ್ಬರ್ ಬಿಲ್ಲೆ) ತಮ್ಮ ಕೋಲಿನಲ್ಲಿ ಇಲ್ಲದಾಗ. ರೇಮಂಡ್ 2019-20ರಲ್ಲಿ ಫ್ರೋಲುಂಡಾಗೆ 33 ಪಂದ್ಯ ಆಡಿ ಹತ್ತೇ ಪಾಯಿಂಟ್ ಮಾಡಿದ್ದ, ಪಂದ್ಯಕ್ಕೆ ಸಿಗುತ್ತಿದ್ದದ್ದು ಹತ್ತು ನಿಮಿಷದ ಆಸುಪಾಸು. ಆದರೆ ಆ ಹತ್ತು ನಿಮಿಷದಲ್ಲಿ ಹಿಂದಕ್ಕೆ ಓಡಿ ಪಕ್ ಕಿತ್ತುಕೊಳ್ಳುವುದು, ಬೋರ್ಡಿನ (ರಿಂಕಿನ ಸುತ್ತಲ ಗೋಡೆಯ) ಬದಿಯಿಂದ ಎರಡಡಿ ಪಾಸ್ ಕೊಟ್ಟು ಜಾಗ ಬದಲಿಸುವುದು, ಎಲ್ಲ ಮಾಡುತ್ತಿದ್ದ. ಹೋಲ್ಟ್ಸ್ ಶಾಟ್ ಚೆನ್ನಾಗಿರುವ ಆಟಗಾರ. ಪವರ್‌ಪ್ಲೇ (ಎದುರಾಳಿ ಆಟಗಾರ ಶಿಕ್ಷೆಗೆ ಹೊರಗೆ ಕೂತಿರುವ ಹೊತ್ತು) ನಿಮಿಷ ಮತ್ತು ಪಾಸ್ ಕೊಡುವ ಸೆಂಟರ್ (ನಡುವಿನ ಫಾರ್ವರ್ಡ್) ಇಲ್ಲದಿದ್ದರೆ ಅಂಥವನಿಗೆ ಎನ್‌ಎಚ್‌ಎಲ್‌ನ ಕೆಳಗಿನ ಲೈನಿನಲ್ಲಿ ಮಾಡಲು ಕೆಲಸವೇ ಇರುವುದಿಲ್ಲ. ಫ್ರೊಂಡೆಲ್‌ನ ಹೆಸರಿರುವುದೂ ಶಾಟ್‌ಗೇ. ಅದಕ್ಕೇ ಈ ಜೋಡಿಯ ಮಾತು ಎತ್ತಿದ್ದು.

ಸ್ಟಾಕ್‌ಹೋಮ್ ಶ್ರೀಧರ
"ಎರಡನೇ ದರ್ಜೆ ಲೀಗ್" ಅಂತ ಮೂಗು ಮುರಿಯುವವರಿಗೆ ಏಣಿಯ ಮೆಟ್ಟಿಲುಗಳನ್ನು ಹೇಳಿಬಿಡುತ್ತೇನೆ.

ಇಲ್ಲಿ ಮಕ್ಕಳು ಐದಾರು ವಯಸ್ಸಿಗೆ ಊರಿನ ಕ್ಲಬ್ಬಿನ ಹಾಕಿ ಶಾಲೆಗೆ ಸೇರುತ್ತಾರೆ. ದೇಶದ ಮಟ್ಟದಲ್ಲಿ ಹುಡುಗರು ಮೊದಲು ಕಣ್ಣಿಗೆ ಬೀಳುವುದು ಟಿವಿ-ಪುಕೆನ್‌ನಲ್ಲಿ. ಅದು 1959ರಿಂದ ನಡೆಯುತ್ತಿರುವ ಜಿಲ್ಲಾ ತಂಡಗಳ ಟೂರ್ನಿ, ಹದಿನೈದರ ಆಸುಪಾಸಿನವರಿಗೆ. ಹದಿನಾರಕ್ಕೆ ಹಾಕಿ ಜಿಮ್ನಾಸಿಯಂ, ಅಂದರೆ ಪಿಯುಸಿ ಮಟ್ಟದ ಶಾಲೆ. ವೇಳಾಪಟ್ಟಿಯ ಒಳಗೇ ಬೆಳಗಿನ ಐಸ್ ತರಬೇತಿ, ಸಂಜೆ ಕ್ಲಬ್ ತರಬೇತಿ. ಹುಡುಗರು ಊರು ಬಿಡುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಕಾರ್ಲ್‌ಸನ್ ಹುಟ್ಟೂರು ಕಾರ್ಲ್‌ಸ್ಟಾಡ್, ಬೆಳೆದದ್ದು ಅಲ್ಲಿನ ಫಾರ್ಯೆಸ್ತಾದ್ ಕ್ಲಬ್ಬಿನಲ್ಲಿ. ದೊಡ್ಡ ಕ್ಲಬ್ ಬಿಟ್ಟು ಓರೆಬ್ರೂಗೆ ಹೋದ, ಅಲ್ಲಿ ಹಿರಿಯರ ತಂಡದಲ್ಲಿ ಬೇಗ ಜಾಗ ಸಿಕ್ಕಿತು. ಜಿಮ್ನಾಸಿಯಂ ಜತೆಜತೆಗೆ ಜೆ18, ಜೆ20 ಅನ್ನುವ ಕಿರಿಯರ ಲೀಗ್‌ಗಳು. ಅಲ್ಲಿಂದ ಮೇಲೆ ಹಿರಿಯರ ಲೀಗ್‌ಗಳು: ಹಾಕಿಎಟ್ಟನ್, ಅದರ ಮೇಲೆ ಆಲ್‌ಸ್ವೆನ್‌ಸ್ಕಾನ್, ತುದಿಯಲ್ಲಿ ಎಸ್‌ಎಚ್‌ಎಲ್. ಮೇಲಿನ ಎರಡರಲ್ಲೂ 14 ತಂಡ, 52 ಪಂದ್ಯ.

ಈಗ ತೊಡಕು. ಎಸ್‌ಎಚ್‌ಎಲ್‌ನಲ್ಲಿ ಕೊನೆಯ ಎರಡು ತಂಡಗಳು ಏಳು ಪಂದ್ಯದ ಸರಣಿ ಆಡಬೇಕು, ಸೋತವರು ಕೆಳಗಿಳಿಯಬೇಕು. ಯೂರ್‌ಗೋರ್ಡೆನ್‌ನಂಥ ಹಳೇ ಹೆಸರಿನ ಕ್ಲಬ್ಬೇ 2022ರಲ್ಲಿ ತಿಮ್ರೋ ಎದುರು ಸೋತು ಇಳಿಯಿತು, ಹತ್ತಲು 2025ರ ತನಕ ಬೇಕಾಯಿತು. ಇಳಿಯುವ ಭಯ ಇರುವ ಕೋಚ್ ಹದಿನೇಳರ ಹುಡುಗನಿಗೆ ಕೊನೆಯ ಹತ್ತು ನಿಮಿಷ ಯಾಕೆ ಕೊಡುತ್ತಾನೆ? ಪಂದ್ಯಕ್ಕೆ ಗೋಲ್‌ಕೀಪರ್ ಬಿಟ್ಟು 20 ಸ್ಕೇಟರ್‌ಗಳನ್ನು ಇಳಿಸಬಹುದು, ಎನ್‌ಎಚ್‌ಎಲ್‌ಗಿಂತ ಇಬ್ಬರು ಜಾಸ್ತಿ. ಮೂವರ ನಾಲ್ಕು ಲೈನು ತುಂಬಿದ ಮೇಲೆ ಮಿಗುವ ಹದಿಮೂರನೇ ಫಾರ್ವರ್ಡ್ ಕುರ್ಚಿಯಲ್ಲಿ ಸಾಮಾನ್ಯವಾಗಿ ಕೂರುವವನು ಈ ಹುಡುಗನೇ. ಎರಡು ಶಿಫ್ಟ್ (ಐಸಿಗಿಳಿಯುವ ಸರದಿ) ಆಡಿದರೂ ಲೆಕ್ಕದಲ್ಲಿ ಒಂದು ಪಂದ್ಯ. ಹಾಗಾಗಿ ಎಸ್‌ಎಚ್‌ಎಲ್‌ನ "35 ಪಂದ್ಯ, 9 ಪಾಯಿಂಟ್" ಅನ್ನುವುದನ್ನು ನಿಮಿಷ ನೋಡದೆ ಓದಬೇಡಿ. ಕಾರ್ಲ್‌ಸನ್‌ನ ಮೊದಲ ಸೀಸನ್, 2021-22, ಇಷ್ಟೇ ಇತ್ತು.

ಕೆಳಗಿನ ಲೀಗ್‌ನ ಬಲಿಷ್ಠ ತಂಡದಲ್ಲಿ ಆದರೆ ಅದೇ ವಯಸ್ಸಿಗೆ ಪವರ್‌ಪ್ಲೇ ಸಿಗುತ್ತದೆ, ಗಂಡಸರ ಎದುರು ಪಕ್ ಹಿಡಿದುಕೊಳ್ಳುವ ಅಭ್ಯಾಸ ಆಗುತ್ತದೆ. ಪೆಟರ್ಸನ್ ಬಂದ ದಾರಿ ಇದೇ: 2016-17ರಲ್ಲಿ ತಿಮ್ರೋಗೆ ಆಲ್‌ಸ್ವೆನ್‌ಸ್ಕಾನ್‌ನಲ್ಲಿ 43 ಪಂದ್ಯ, 41 ಪಾಯಿಂಟ್. ಮರುವರ್ಷ ಮೇಲಿನ ಲೀಗ್‌ಗೆ ಹತ್ತಿದಾಗ ಸರಾಸರಿ ಇಳಿಯಲಿಲ್ಲ, ಏರಿತು. ತಂಡ ಚಾಂಪಿಯನ್ ಆಯಿತು. ಷಿಕಾಗೊ ಈಗ ಫ್ರೊಂಡೆಲ್‌ಗೆ ಹಾಕಿಕೊಟ್ಟಿರುವ ದಾರಿಯೂ ಮೆಟ್ಟಿಲಿಗೆ ಮೆಟ್ಟಿಲು ಅದೇ. ಒಂದು ವ್ಯತ್ಯಾಸ: ಅವನ ಕ್ಲಬ್ಬೇ ಮೇಲಕ್ಕೆ ಹತ್ತಿದ್ದರಿಂದ ಹುಡುಗ ಊರು, ಮನೆ, ಕೋಚ್ ಯಾವುದನ್ನೂ ಬದಲಿಸಬೇಕಾಗಿಲ್ಲ.

ಧಾರವಾಡ ಪಕ್
ಶ್ರೀಧರ ಅವರ, ನೀವು ಹೇಳೂದು ಖರೆ, ಆದ್ರ ಹೊಸದಾಗಿ ಮ್ಯಾಲ ಬಂದ ತಂಡ ಅದು. ಅವರಿಗೂ ಕೆಳಗ ಇಳಿಯೂ ಭಯ ಇದ್ದs ಇರ್ತದ. ನೀವs ಹೇಳಿದ ಆ ಹದಿಮೂರನೇ ಕುರ್ಚಿ ಇವನಿಗೂ ಬಂದ್ರ ಏನ್ ಮಾಡ್ತೀರಿ? ಡಕ್ಸ್‌ನವರು ಕಾರ್ಲ್‌ಸನ್‌ಗ ಏನ್ ಮಾಡಿದ್ರು? ಸೀದಾ ಅಮೆರಿಕಾಕ್ಕ ಕರಕೊಂಡ್ರು, ಅಲ್ಲೇ ತಮ್ಮ ಕೋಚು, ತಮ್ಮ ಜಿಮ್ಮು, ತಮ್ಮ ರಿಂಕು. 2023-24ಕ್ಕ 29 ಪಾಯಿಂಟ್, 2024-25ಕ್ಕ 76 ಪಂದ್ಯದಾಗ 20 ಗೋಲು, 45 ಪಾಯಿಂಟ್. ಕೆಟ್ಟೇನಾತು?

ನೀಲಿಗೆರೆ
ಕಾರ್ಲ್‌ಸನ್ ಹುಟ್ಟಿದ್ದು 2004ರ ಡಿಸೆಂಬರ್ 26. ಸೆಪ್ಟೆಂಬರ್ 15ರ ಒಳಗೆ ಹದಿನೆಂಟು ತುಂಬಿರಬೇಕು ಅನ್ನುವ ನಿಯಮದಿಂದ ಅವನು 2022ರ ಬದಲು 2023ರ ಡ್ರಾಫ್ಟ್‌ಗೆ ಬಂದ. ಡ್ರಾಫ್ಟ್ ದಿನದ ವಯಸ್ಸು ತಾಳೆ ಹಾಕಿದರೆ ಫ್ರೊಂಡೆಲ್‌ಗಿಂತ ನಾಲ್ಕು ತಿಂಗಳಿಗೂ ಮೇಲೆ ದೊಡ್ಡವನು. ಎಸ್‌ಎಚ್‌ಎಲ್‌ನಲ್ಲಿ ಎರಡು ಸೀಸನ್ ಆಗಲೇ ಮುಗಿದಿತ್ತು. 2023ರ ಹಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ವೀಡನ್ ಪರ 8 ಪಂದ್ಯಕ್ಕೆ 5 ಪಾಯಿಂಟ್ ಮಾಡಿ ಬಂದಿದ್ದ. ಫ್ರೊಂಡೆಲ್ ಇನ್ನೂ ಎಸ್‌ಎಚ್‌ಎಲ್ ಸೀಸನ್ ಶುರು ಮಾಡುವ ಹೊತ್ತಿನಲ್ಲಿದ್ದಾನೆ. ಕಾರ್ಲ್‌ಸನ್ ಹೋದಾಗ ಇದ್ದ ಮೆಟ್ಟಿಲು ಇವನಿಗೆ ಒಂದು ಕೆಳಗಿದೆ.

ಅಂಕಿಸಂಕಿ
ಕರಕೊಂಡು ಹೋದ ಮೇಲೂ ಡಕ್ಸ್ ಅವನನ್ನು ಸುಮ್ಮನೆ ಆಡಿಸಲಿಲ್ಲ. 2023ರ ಅಕ್ಟೋಬರ್ 19ಕ್ಕೆ ಡಲ್ಲಾಸ್ ಎದುರು ಮೊದಲ ಪಂದ್ಯ, ಮೊದಲ ಗೋಲು. ಅಲ್ಲಿಂದ ವಾರಕ್ಕೆ ಎರಡು ಪಂದ್ಯದ ಲೆಕ್ಕ, ಮಿಕ್ಕ ದಿನ ಜಿಮ್ ಮತ್ತು ಐಸ್ ಮೇಲೆ ಪ್ರತ್ಯೇಕ ಅಭ್ಯಾಸ. ನವೆಂಬರ್ 10ರಂದು ಫಿಲಡೆಲ್ಫಿಯಾ ಎದುರು ಹ್ಯಾಟ್ರಿಕ್ ಹೊಡೆದ, ಡಕ್ಸ್ ಇತಿಹಾಸದಲ್ಲೇ ಅತಿ ಚಿಕ್ಕ ವಯಸ್ಸಿಗೆ. ಆದರೂ ಯೋಜನೆ ಬದಲಿಸಲಿಲ್ಲ, ಪುನಃ ಪಂದ್ಯ ಬಿಡಿಸಿದರು. ಅಭಿಮಾನಿಗಳು ಬೈದರು. ಡಿಸೆಂಬರ್‌ನಲ್ಲಿ ಮೊಣಕಾಲು ಪೆಟ್ಟಾಗಿ ವಾರಗಟ್ಟಲೆ ಕೂತ, ಅದು ಬೇರೆ ವಿಷಯ.

ಕಾರಣ ಇಷ್ಟು: ಸ್ವೀಡನ್ನಿನಲ್ಲಿ ಸೆಪ್ಟೆಂಬರ್‌ನಿಂದ ಮಾರ್ಚ್ ನಡುವಿನ ತನಕ 52 ಪಂದ್ಯ, ನಡುನಡುವೆ ರಾಷ್ಟ್ರೀಯ ತಂಡದ ಬಿಡುವು, ಬಸ್ ಪ್ರಯಾಣ, ಒಂದೇ ಗಡಿಯಾರ. ಎನ್‌ಎಚ್‌ಎಲ್‌ನಲ್ಲಿ 2025-26ರ ಸೀಸನ್ನಿನ ತನಕ ಅಕ್ಟೋಬರ್‌ನಿಂದ ಏಪ್ರಿಲ್ ನಡುವಿಗೆ 82, ಜತೆಗೆ ವಿಮಾನ, ಗಂಟೆಗಳ ವ್ಯತ್ಯಾಸ, ಬೆನ್ನುಬೆನ್ನಿಗೆ ಎರಡು ರಾತ್ರಿ ಪಂದ್ಯ. ತರಬೇತಿಗೆ ದಿನವೇ ಉಳಿಯುವುದಿಲ್ಲ. ಹದಿನೆಂಟರವನು ಕಲಿಯಬೇಕಾದ್ದನ್ನು ಕಲಿಯುವುದು ತರಬೇತಿಯಲ್ಲಿ. ಆ ದಿನಗಳನ್ನು ಡಕ್ಸ್ ಪಂದ್ಯ ಬಿಟ್ಟು ಕೊಂಡುಕೊಂಡಿತು, ಷಿಕಾಗೊಗೆ ಸ್ವೀಡನ್ನಿನಲ್ಲಿ ಅವು ಪುಕ್ಕಟೆ ಸಿಗುತ್ತವೆ.

ಮಂಗಳೂರು ಮಾರಾಯ
ಒಪ್ಪಂದದ ಕಡೆಯಿಂದಲೂ ನೋಡಿ ಮಾರಾಯ್ರೆ, ಇದರಲ್ಲಿ ಷಿಕಾಗೊಗೆ ಲಾಭವೇ ಇರುವುದು. ಹದಿನೆಂಟು ಹತ್ತೊಂಬತ್ತರ ಹುಡುಗ ಪ್ರವೇಶ ಒಪ್ಪಂದಕ್ಕೆ ಸಹಿ ಹಾಕಿ ಆ ಸೀಸನ್ನಿನಲ್ಲಿ ಹತ್ತು ಎನ್‌ಎಚ್‌ಎಲ್ ಪಂದ್ಯ ಆಡದಿದ್ದರೆ, ಒಪ್ಪಂದದ ಮೊದಲ ವರ್ಷ ಮುಂದಕ್ಕೆ ಜಾರುತ್ತದೆ. ಮೂರು ವರ್ಷ ಮೂರೇ ಆಗಿ ಉಳಿಯುತ್ತದೆ. ಒಂಬತ್ತು ಪಂದ್ಯ ಆಡಿಸಿ ನೋಡಿ ವಾಪಸ್ ಕಳಿಸುವ ಪದ್ಧತಿ ಹುಟ್ಟಿದ್ದೇ ಹೀಗೆ.

ಇನ್ನೊಂದು ಗೆರೆ 40 ಪಂದ್ಯದ್ದು. ಅಷ್ಟು ಪಂದ್ಯ ತಂಡದ ಸಕ್ರಿಯ ಪಟ್ಟಿಯಲ್ಲಿ ಇದ್ದರೆ ಆ ವರ್ಷ ಅವನ ಸೇವಾವಧಿಗೆ ಸೇರುತ್ತದೆ, ಅಂಥ ಏಳು ವರ್ಷಕ್ಕೆ ಅಥವಾ 27 ತುಂಬಿದಾಗ ಆಟಗಾರ ಪೂರ್ತಿ ಸ್ವತಂತ್ರ. ಹದಿನೆಂಟಕ್ಕೇ ಆಡಿಸಲು ಶುರು ಮಾಡಿದರೆ ಇಪ್ಪತ್ತೈದಕ್ಕೇ ಕೈಬಿಟ್ಟು ಹೋಗಬಹುದು, ಆಟ ಅತಿ ಜೋರಾಗಿರುವ ಹೊತ್ತಿನಲ್ಲಿ. ಅದಕ್ಕೆ ಮಾರ್ಚ್ ನೋಡಿಕೊಳ್ಳಿ. ಎಸ್‌ಎಚ್‌ಎಲ್ ಲೀಗ್ ಹಂತ ಮುಗಿದ ಮೇಲೂ ಎನ್‌ಎಚ್‌ಎಲ್‌ನಲ್ಲಿ ಒಂದು ತಿಂಗಳು ಇರುತ್ತದೆ. ಯೂರ್‌ಗೋರ್ಡೆನ್ ಬೇಗ ಮನೆಗೆ ಹೋದರೆ ಷಿಕಾಗೊ ಅವನನ್ನು ಕರೆಸಿಕೊಳ್ಳಬಹುದು. ಎಷ್ಟು ಪಂದ್ಯ ಆಡಿಸುತ್ತಾರೆ ಅನ್ನುವುದರ ಮೇಲೆ ಅವರ ಮನಸ್ಸು ಗೊತ್ತಾಗುತ್ತದೆ. ಒಂಬತ್ತಕ್ಕೆ ನಿಲ್ಲಿಸಿದರೆ ಲೆಕ್ಕಪತ್ರದವರ ಮಾತು ನಡೆದಿದೆ ಅಂತ.

ಧಾರವಾಡ ಪಕ್
ರೊಕ್ಕದ ಲೆಕ್ಕ ತಂಡದ್ದು, ಹುಡುಗನದಲ್ಲ. ಸಣ್ಣ ರಿಂಕಿನ ಆಟ ಸಣ್ಣ ರಿಂಕಿನ್ಯಾಗs ಕಲೀಬೇಕು. ದೊಡ್ಡದರಾಗ ಇನ್ನೊಂದು ವರ್ಷ ಆಡಿದ್ರ ಕೆಟ್ಟ ಚಟಾನೂ ಇನ್ನೊಂದು ವರ್ಷ ಗಟ್ಟಿ ಆಗ್ತಾವ. ಇದಕ್ಕ ಉತ್ತರ ಕೊಡ್ರಿ.

ನೀಲಿಗೆರೆ
ಇದು ಸರಿಯಾದ ಪ್ರಶ್ನೆ. ಅಳತೆಯಿಂದಲೇ ಶುರು ಮಾಡೋಣ.

ಸ್ವೀಡನ್ನಿನ ಸಾಂಪ್ರದಾಯಿಕ ರಿಂಕ್ 60 ಮೀಟರ್ ಉದ್ದ, 30 ಅಗಲ. ಎನ್‌ಎಚ್‌ಎಲ್‌ದು 60.96 ಉದ್ದ, 25.9 ಅಗಲ. ವಿಸ್ತೀರ್ಣ ಸುಮಾರು ನೂರಕ್ಕೆ ಹನ್ನೆರಡರಷ್ಟು ಕಡಿಮೆ. ಆದರೆ ಆ ಕಡಿಮೆ ಎಲ್ಲಾ ಕಡೆ ಸಮನಾಗಿ ಹಂಚಿಲ್ಲ. ಫೇಸ್‌ಆಫ್ ಚುಕ್ಕೆಗಳು (ಇಬ್ಬರು ಎದುರಾಳಿಗಳ ನಡುವೆ ಪಕ್ ಬೀಳಿಸಿ ಆಟ ಶುರು ಮಾಡುವ ಜಾಗ) ರಿಂಕಿನ ಉದ್ದದ ನಡುಗೆರೆಯಿಂದ ಸ್ವೀಡನ್ನಿನಲ್ಲಿ 7 ಮೀಟರ್, ಎನ್‌ಎಚ್‌ಎಲ್‌ನಲ್ಲಿ 6.7. ಹೆಚ್ಚುಕಡಿಮೆ ಒಂದೇ. ಚುಕ್ಕೆಯಿಂದ ಬೋರ್ಡಿಗೆ ಮಾತ್ರ ಸ್ವೀಡನ್ನಿನಲ್ಲಿ 8 ಮೀಟರ್, ಎನ್‌ಎಚ್‌ಎಲ್‌ನಲ್ಲಿ 6.2. ಗೋಲ್ ಹಿಂದೆ ಸ್ವೀಡನ್ನಿನಲ್ಲಿ 4, ಎನ್‌ಎಚ್‌ಎಲ್‌ನಲ್ಲಿ 3.35. ಅಂದರೆ ಗೋಲು ಬರುವ ನಡುವಿನ ಓಣಿ ಹಾಗೇ ಇದೆ, ಕಳೆದುಹೋದದ್ದು ಅಂಚಿನ ಜಾಗ.

ಅಂಚಿನಲ್ಲಿ ಏನು ಕೆಡುತ್ತದೆ? ಮೂಲೆಗೆ ಬಂದ ಪಕ್ಕನ್ನು ಹುಡುಗ ಎತ್ತಿಕೊಳ್ಳುವುದನ್ನು ನಿಧಾನಗತಿಯಲ್ಲಿ ನೋಡಿ. ದೊಡ್ಡ ರಿಂಕಿನಲ್ಲಿ ಬೆಳೆದವನು ಪಕ್ ಸಿಕ್ಕ ಕೂಡಲೇ ಹೊರಗೆ, ಬೋರ್ಡಿನ ಕಡೆಗೆ ಅಗಲವಾಗಿ ತಿರುಗುತ್ತಾನೆ. ಎಂಟು ಮೀಟರ್ ಇರುವಲ್ಲಿ ಆ ತಿರುವು ಮುಗಿದು ತಲೆ ಎತ್ತುವಷ್ಟು ಸಮಯ ಸಿಗುತ್ತದೆ. ಆರು ಮೀಟರ್ ಇರುವಲ್ಲಿ ಅದೇ ತಿರುವಿನ ಅರ್ಧಕ್ಕೆ ಭುಜ ಬೋರ್ಡಿಗೆ ತಾಗುತ್ತದೆ, ಬೆನ್ನ ಮೇಲೆ ಡಿಫೆನ್ಸ್ ಆಟಗಾರ ಕೂತಿರುತ್ತಾನೆ. ಸರಿಯಾದ ಕ್ರಮ: ಪಕ್ ತಲುಪುವ ಮೊದಲೇ ಎರಡು ಸಲ ಭುಜದ ಮೇಲಿಂದ ಹಿಂದೆ ನೋಡಬೇಕು, ದೂರದಲ್ಲಿದ್ದಾಗ ಒಮ್ಮೆ, ಕೊನೆಯ ಎರಡು ಹೆಜ್ಜೆ ಇರುವಾಗ ಒಮ್ಮೆ. ಬೋರ್ಡಿಗೆ ನೇರ ಹೋಗದೆ ಓರೆಯಾಗಿ ಹೋಗಬೇಕು. ಮೊದಲ ಸ್ಪರ್ಶದಲ್ಲೇ ಪಕ್ಕನ್ನು ಇದ್ದಲ್ಲಿಂದ ಒಂದು ಮೀಟರ್ ಒಳಗೆ ತಳ್ಳಿ, ಸೊಂಟವನ್ನು ಎದುರಾಳಿಗೂ ಪಕ್ಕಿಗೂ ನಡುವೆ ತರಬೇಕು. ತಿರುವು ಒಳಗಡೆಗೆ, ಚುಕ್ಕೆಗಳ ಕಡೆಗೆ.

ಇದನ್ನು ಕಲಿಯಲು ಷಿಕಾಗೊಗೇ ಹೋಗಬೇಕಾಗಿಲ್ಲ. ಚುಕ್ಕೆಯಿಂದ ಹೊರಗಿನ ಜಾಗವನ್ನು ಉಪಯೋಗಿಸಬಾರದು ಅಂತ ನಿಯಮ ಹಾಕಿ, ಅಡ್ಡಲಾಗಿ ಜಾಗ ಕಿರಿದು ಮಾಡಿ ಮೂವರಿಗೆ ಮೂವರು ಆಡಿಸಿದರೆ ಸಮಯ ಎನ್‌ಎಚ್‌ಎಲ್‌ಗಿಂತಲೂ ಕಡಿಮೆ ಸಿಗುತ್ತದೆ. ಸ್ವೀಡನ್ನಿನ ತರಬೇತಿಯಲ್ಲಿ ಸಣ್ಣ ಜಾಗದ ಆಟ ಹೇಗೂ ಮಾಮೂಲು.

ಸ್ಟಾಕ್‌ಹೋಮ್ ಶ್ರೀಧರ
ಸೆಂಟರ್ ಆಗಿ ಆಡುತ್ತಾನೋ ಅಂಚಿನಲ್ಲಿ ಆಡುತ್ತಾನೋ ಅನ್ನುವುದೂ ಸೇರಿಸಿಕೊಳ್ಳಿ. ಷಿಕಾಗೊ ತೆಗೆದುಕೊಂಡದ್ದು ಸೆಂಟರ್ ಅಂತ. ಹಿರಿಯರ ತಂಡದಲ್ಲಿ ಹುಡುಗರನ್ನು ವಿಂಗ್‌ಗೆ ಹಾಕುವುದು ವಾಡಿಕೆ, ಅಲ್ಲಿ ತಪ್ಪು ಮಾಡಿದರೆ ನಷ್ಟ ಕಡಿಮೆ. ಕಾರ್ಲ್‌ಸನ್ ಕೂಡ ಓರೆಬ್ರೂನಲ್ಲಿ ಬಹಳಷ್ಟು ವಿಂಗ್ ಆಡಿದ, ಪೂರ್ತಿ ಸೆಂಟರ್ ಆದದ್ದು ಡಕ್ಸ್‌ನಲ್ಲಿ. ಅದರ ಬೆಲೆ ಫೇಸ್‌ಆಫ್‌ನಲ್ಲಿ ಕಂಡಿತು, ಮೊದಲ ಎರಡು ಸೀಸನ್ ನೂರಕ್ಕೆ ಐವತ್ತರ ಕೆಳಗೇ ಇದ್ದ.

ಫೇಸ್‌ಆಫ್ ಕೈಚಳಕ ಅಂದುಕೊಳ್ಳುವವರು ಬಹಳ. ಅರ್ಧ ಕೆಲಸ ಕಾಲಿನದು. ಕೆಳಗಿನ ಕೈ ಬ್ಲೇಡಿಗೆ ಹತ್ತಿರ ಜಾರಬೇಕು, ಪಾದ ಭುಜಕ್ಕಿಂತ ಅಗಲ ಇಡಬೇಕು, ತೂಕ ಮುಂಗಾಲಿನ ಮೇಲೆ. ಎಡಗೈ ಸೆಂಟರ್‌ಗೆ ರಿಂಕಿನ ಎಡಬದಿಯ ಚುಕ್ಕೆ ಅನುಕೂಲ, ಬ್ಯಾಕ್‌ಹ್ಯಾಂಡ್‌ನಲ್ಲಿ ಹಿಂದಕ್ಕೆ ಎಳೆದರೆ ಪಕ್ ಬೋರ್ಡಿನ ಕಡೆಗೆ ಹೋಗುತ್ತದೆ, ಬಲಗೈಯವನಿಗೆ ಬಲಬದಿ. ಎನ್‌ಎಚ್‌ಎಲ್‌ನಲ್ಲಿ ಎರಡೂ ತುದಿಯ ಚುಕ್ಕೆಗಳಲ್ಲಿ ರಕ್ಷಿಸುವ ತಂಡದವನು ಮೊದಲು ಕೋಲು ಇಡಬೇಕು, ಅಂದರೆ ತನ್ನ ತುದಿಯಲ್ಲಿ ಹುಡುಗನೇ ಮೊದಲು ಕೋಲು ಇಟ್ಟು ಎದುರಾಳಿಗೆ ತಯಾರಾಗಲು ಅವಕಾಶ ಕೊಟ್ಟ ಹಾಗೆ. ಹೊಸಬರು ಸೋಲುವುದು ಹೆಚ್ಚಾಗಿ ಅಲ್ಲೇ.

ಸಾಣೆಕಲ್ಲು
ಸಲಕರಣೆ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ.

ಫ್ರೊಂಡೆಲ್ ಹದಿನೆಂಟಕ್ಕೇ 185 ಸೆಂಟಿಮೀಟರ್ ಎತ್ತರ, 90 ಕಿಲೊ ದಾಟಿದ ದೇಹ. ಬೇರೆ ಹುಡುಗರಿಗೆ ಹೇಳುವ "ಮೊದಲು ತೂಕ ಹಾಕು" ಇವನಿಗೆ ಬೇಡ. ಪೆಟರ್ಸನ್ ಕಡ್ಡಿಯಂತಿದ್ದ, ಅವನ ಸಮಸ್ಯೆ ಬೇರೆ. ಇವನದು ಮೊದಲ ಮೂರು ಹೆಜ್ಜೆ. ಭಾರದ ದೇಹ ನಿಂತಲ್ಲಿಂದ ಚಿಮ್ಮುವುದು ತಡ.

ಬ್ಲೇಡಿನ ಸಾಣೆ ನೋಡಿ. ಬ್ಲೇಡಿನ ತಳದಲ್ಲಿ ಕಾಲುವೆಯ ಹಾಗೆ ಒಂದು ತಗ್ಗು ಇರುತ್ತದೆ. ಅದರ ತ್ರಿಜ್ಯ ಅರ್ಧ ಇಂಚು ಅಂದರೆ ಅಂಚು ಐಸಿಗೆ ಆಳವಾಗಿ ಕಚ್ಚುತ್ತದೆ, ತಿರುವು ಗಟ್ಟಿ, ಜಾರುವಿಕೆ ಕಡಿಮೆ. ಐದು-ಎಂಟಾಂಶ ಇಂಚು ಅಂದರೆ ಕಚ್ಚುವುದು ಕಡಿಮೆ, ಜಾರುವುದು ಜಾಸ್ತಿ. 90 ಕಿಲೊದವನು ಹಗುರ ಇದ್ದಾಗಿನ ಅರ್ಧ ಇಂಚನ್ನೇ ಮುಂದುವರಿಸಿದರೆ ಪ್ರತಿ ಹೆಜ್ಜೆಗೂ ಐಸ್ ಅಗೆಯುತ್ತಾನೆ, ಮೂರನೇ ಪೀರಿಯಡ್‌ಗೆ ತೊಡೆ ಕಲ್ಲಾಗುತ್ತದೆ. ಬದಲಿಸುವಾಗ ಒಮ್ಮೆಲೇ ಬೇಡ, ನಡುವಿನ ಒಂಬತ್ತು-ಹದಿನಾರಾಂಶಕ್ಕೆ ಬಂದು ಒಂದೆರಡು ವಾರ ನೋಡಿ ಮುಂದೆ ಹೋಗಬೇಕು, ಅದೂ ಸೀಸನ್ನಿಗೆ ಮೊದಲು. ಎರಡು ಅಂಚು ಸಮ ಇವೆಯೇ ಅಂತ ಪ್ರತಿ ಸಾಣೆಯ ಮೇಲೂ ಪರೀಕ್ಷಿಸಬೇಕು: ಬ್ಲೇಡಿನ ಮೇಲೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟರೆ ಬ್ಲೇಡಿಗೆ ಸರಿಯಾಗಿ ಕಾಟಕೋನದಲ್ಲಿ ಕೂರಬೇಕು, ವಾಲಿದರೆ ಒಂದು ಅಂಚು ಎತ್ತರ ಇದೆ ಅಂತ. ಒಂದು ಬದಿಗೆ ಮಾತ್ರ ಕಾಲು ಜಾರುವ ಹುಡುಗರಿಗೆ ಕೋಚ್ ಸಮತೋಲನದ ವ್ಯಾಯಾಮ ಹೇಳುತ್ತಾನೆ, ತಪ್ಪು ಸಾಣೆಯವನದು.

ಕೋಲು. ಫ್ಲೆಕ್ಸ್ ಸಂಖ್ಯೆ ಅಂದರೆ ಕೋಲನ್ನು ಒಂದು ಇಂಚು ಬಾಗಿಸಲು ಬೇಕಾಗುವ ಬಲ, ಪೌಂಡ್‌ಗಳಲ್ಲಿ. ಹಳೇ ನಿಯಮ ದೇಹದ ತೂಕದ ಪೌಂಡಿನ ಅರ್ಧ. 90 ಕಿಲೊಗೆ 100ರ ಹತ್ತಿರ ಆಗುತ್ತದೆ. ಈಗಿನ ಶೂಟರ್‌ಗಳು ಅದಕ್ಕಿಂತ ಮೆತ್ತಗೆ ಇಟ್ಟುಕೊಳ್ಳುತ್ತಾರೆ, ಪಕ್ ಸಿಕ್ಕ ಕ್ಷಣದಲ್ಲೇ ಕಾಲು ನಿಲ್ಲಿಸದೆ ಹೊಡೆಯಬೇಕಾದ್ದರಿಂದ. ಕೋಲು ಮೆತ್ತಗಾದಷ್ಟೂ ಕಡಿಮೆ ಒತ್ತಿಗೆ ಬಾಗುತ್ತದೆ, ಆದರೆ ಒನ್‌ಟೈಮರ್‌ನಲ್ಲಿ (ಬಂದ ಪಾಸನ್ನು ನಿಲ್ಲಿಸದೆ ಹೊಡೆಯುವ ಶಾಟ್) ಗುರಿ ಅಲುಗುತ್ತದೆ. ಮರೆಯುವ ವಿಷಯ ಒಂದು: ಕೋಲು ಕತ್ತರಿಸಿದರೆ ಗಡಸಾಗುತ್ತದೆ. 85ರ ಕೋಲಿನಿಂದ 5 ಸೆಂಟಿಮೀಟರ್ ತೆಗೆದರೆ 90 ದಾಟುತ್ತದೆ. ಶಾಟ್ ಇದ್ದಕ್ಕಿದ್ದಂತೆ ಸತ್ತುಹೋಯಿತು ಅಂದರೆ ಮೊದಲು ಗರಗಸ ಕೇಳಿ.

ದಾವಣಗೆರೆ ದೀಪು
ಮೊದಲ ಮೂರು ಹೆಜ್ಜೆ ಅಂದ್ರಲ್ಲ, ಅದನ್ನ ಒಂದು ವರ್ಷದಲ್ಲಿ ಸರಿ ಮಾಡೋಕಾಗುತ್ತಾ? ಹುಟ್ಟಿನಿಂದ ಬರೋದಲ್ವಾ?

ಸಾಣೆಕಲ್ಲು
ಪೂರ್ತಿ ಆಗಲ್ಲ, ಗಮನಕ್ಕೆ ಬರುವಷ್ಟು ಆಗುತ್ತೆ. ನಿಧಾನಕ್ಕೆ ಎರಡು ಕಾರಣ ಇರುತ್ತವೆ, ಮದ್ದು ಬೇರೆ ಬೇರೆ. ಒಂದು, ಎತ್ತರವಾಗಿ ನಿಂತು ಸ್ಕೇಟ್ ಮಾಡುವುದು. ಮೊಣಕಾಲು ಕಾಲ್ಬೆರಳ ಮುಂದಕ್ಕೆ ಬರುವಷ್ಟು ಹಿಮ್ಮಡಿಗಂಟು ಬಾಗಬೇಕು, ಮುಂಗಾಲು ಮುಂದಕ್ಕೆ ವಾಲಬೇಕು. ಬೂಟಿನ ಮೇಲಿನ ಕಣ್ಣಿಗೆ ಲೇಸು ಬಿಗಿದರೆ ಆ ಬಾಗು ಸಿಗಲ್ಲ. ಮೇಲಿನ ಒಂದು ಕಣ್ಣು ಬಿಡುವವರು ಅದಕ್ಕೇ ಬಿಡೋದು. ಎರಡು, ಬಲ ಸಾಲದಿರುವುದು. ಅದಕ್ಕೆ ಭಾರ ಎಳೆಯುತ್ತಾ 10ರಿಂದ 15 ಮೀಟರ್ ಓಟ, ಆರರಿಂದ ಎಂಟು ಸಲ, ನಡುವೆ ಒಂದೂವರೆ ಎರಡು ನಿಮಿಷ ಪೂರ್ತಿ ವಿಶ್ರಾಂತಿ. ವಿಶ್ರಾಂತಿ ಕಡಿದರೆ ಅದು ದಮ್ಮಿನ ಅಭ್ಯಾಸ ಆಗಿಬಿಡುತ್ತೆ, ಚಿಮ್ಮುವಿಕೆ ಬರಲ್ಲ. ಎಲ್ಲರೂ ಮಾಡುವ ತಪ್ಪೇ ಇದು.

ಇದೆಲ್ಲ ಮೇ ತಿಂಗಳಿಂದ ಜುಲೈ ಒಳಗೆ ಆಗಬೇಕು. ಫ್ರೊಂಡೆಲ್‌ಗೆ ಈ ಬೇಸಿಗೆ ಡ್ರಾಫ್ಟ್ ಓಡಾಟದಲ್ಲೇ ಕಳೆಯಿತು, ಜೂನ್ ಶುರುವಿಗೆ ಬಫಲೋದಲ್ಲಿ ದೈಹಿಕ ಪರೀಕ್ಷೆ, ಕೊನೆಗೆ ಡ್ರಾಫ್ಟ್, ಆಮೇಲೆ ತಂಡದ ಶಿಬಿರ. ನಿಜವಾದ ಬೇಸಿಗೆ ತರಬೇತಿ ಅವನಿಗೆ ಸಿಗುವುದು 2026ಕ್ಕೆ.

ಮಂಗಳೂರು ಮಾರಾಯ
ತೊಡೆಸಂದಿ ಬಗ್ಗೆ ಸೇರಿಸಿ. ಸ್ಕೇಟಿಂಗ್‌ನ ಹೊರತಳ್ಳಿನಲ್ಲಿ ಒಳತೊಡೆಯ ಸ್ನಾಯುವಿನ ಮೇಲೆ ಬಹಳ ಒತ್ತಡ ಬೀಳುತ್ತದೆ. ಬೆಳೆಯುವ ವಯಸ್ಸಿನಲ್ಲಿ ವರ್ಷಪೂರ್ತಿ ಐಸ್ ಮೇಲಿದ್ದವರಿಗೆ ಸೊಂಟದ ಕೀಲಿನ ಮೂಳೆಯೇ ಉಬ್ಬಿ ಉಜ್ಜಲು ಶುರುವಾಗುವುದುಂಟು. ಬೆಂಚಿನ ಮೇಲೆ ಮೇಲಿನ ಕಾಲಿಟ್ಟು, ಪಕ್ಕಕ್ಕೆ ಮಲಗಿ ಸೊಂಟ ಎತ್ತಿ ಹಿಡಿಯುವ ಕೋಪನ್‌ಹೇಗನ್ ವ್ಯಾಯಾಮ ಇದಕ್ಕೇ. ಮೊದಲು ಮೊಣಕಾಲಿನ ಆಧಾರದ ಮೇಲೆ, ಅದು ನೋವಿಲ್ಲದೆ ಬಂದ ಮೇಲೆ ಪಾದದ ಆಧಾರದ ಮೇಲೆ. ನೇರ ಎರಡನೆಯದಕ್ಕೆ ಹಾರಿದರೆ ಅದರಿಂದಲೇ ಸ್ನಾಯುವಿಗೆ ಪೆಟ್ಟಾಗಬಹುದು.

ಗೋಥೆನ್‌ಬರ್ಗ್ ಗೀತಾ
ನಡುವೆ ಒಂದು ಪ್ರಶ್ನೆ, ಎಳೆ ತಪ್ಪಿಸುತ್ತಿದ್ದರೆ ಕ್ಷಮಿಸಿ. ಇಲ್ಲಿ ಮಕ್ಕಳನ್ನು ಹಾಕಿ ಶಾಲೆಗೆ ಹಾಕುವ ಕನ್ನಡದ ಮನೆಗಳು ಕೆಲವಿವೆ. ಟಿವಿ-ಪುಕೆನ್‌ಗೆ ಬರದಿದ್ದರೆ ಮುಗೀತು ಅನ್ನುತ್ತಾರೆ, ಹೌದೇ?

ಸ್ಟಾಕ್‌ಹೋಮ್ ಶ್ರೀಧರ
ಇಲ್ಲ ಗೀತಾ ಅವರೇ. ಆ ವಯಸ್ಸಿಗೆ ಆಯ್ಕೆಯಾಗುವವರಲ್ಲಿ ಜನವರಿಯಿಂದ ಏಪ್ರಿಲ್ ಒಳಗೆ ಹುಟ್ಟಿದವರೇ ಜಾಸ್ತಿ ಇರುತ್ತಾರೆ, ಬೇಗ ಬೆಳೆದಿರುತ್ತಾರೆ ಅಷ್ಟೇ. ಪೆಟರ್ಸನ್ ನವೆಂಬರ್‌ನವನು, ಕಾರ್ಲ್‌ಸನ್ ಡಿಸೆಂಬರ್ ಕೊನೆಯವನು. ಚಿಕ್ಕ ಮಕ್ಕಳಿಗೆ ಹೊಸ ಸಲಕರಣೆ ಕೊಳ್ಳಲು ಹೋಗಬೇಡಿ, ಕ್ಲಬ್ಬುಗಳಲ್ಲಿ ಬಳಸಿದ್ದನ್ನು ಬದಲಾಯಿಸಿಕೊಳ್ಳುವ ದಿನ ಇರುತ್ತದೆ. ಸ್ಕೇಟ್ ಮಾತ್ರ ಅಳತೆಗೆ ಸರಿಯಿರಲಿ, ಮುಂದಿನ ವರ್ಷಕ್ಕೂ ಆದೀತು ಅಂತ ದೊಡ್ಡದು ತಂದರೆ ಹಿಮ್ಮಡಿಗಂಟು ಒಳಗೆ ವಾಲುವುದು ಅಭ್ಯಾಸವಾಗಿಬಿಡುತ್ತದೆ.

ಧಾರವಾಡ ಪಕ್
ಛಲೋ, ರಿಂಕಿನ ಮಾತು ಒಪ್ಪಿದೆ. ಕುರ್ಚಿ ಮಾತಿಗೆ ಇನ್ನೂ ಉತ್ತರ ಬಂದಿಲ್ಲ. ಡಿಸೆಂಬರ್ ತನಕ ನಾಲ್ಕನೇ ಲೈನಿನ್ಯಾಗ ಎಂಟು ನಿಮಿಷ ಕುಂತ್ರ?

ಅಂಕಿಸಂಕಿ
ಹಾಗಾದರೆ ಷಿಕಾಗೊ ಸುಮ್ಮನಿರಬಾರದು, ಅಷ್ಟೇ. ಒಪ್ಪಂದ ಕೈಯಲ್ಲಿದೆ. ಕ್ಲಬ್ಬುಗಳ ನಡುವಿನ ಷರತ್ತುಗಳ ಒಳಗೆ ಅವನನ್ನು ರಾಕ್‌ಫರ್ಡ್‌ಗೆ, ಅಂದರೆ ಎನ್‌ಎಚ್‌ಎಲ್‌ನ ಕೆಳಗಿನ ಲೀಗ್ ಎಎಚ್‌ಎಲ್‌ನಲ್ಲಿ ಆಡುವ ಷಿಕಾಗೊದ ಕಿರಿ ತಂಡಕ್ಕೆ, ಕರೆಸುವ ಮಾತು ಆಡಬಹುದು. ಕೆನಡಾದ ಜೂನಿಯರ್ ಲೀಗ್‌ಗಳಿಂದ ಆಯ್ದ 18-19ರ ಹುಡುಗರನ್ನು ಅಲ್ಲಿಗೆ ಕಳಿಸಲು ಇದುವರೆಗೆ ಅಡ್ಡಿಯಿತ್ತು, ಯೂರೋಪಿನಿಂದ ಬಂದವರಿಗೆ ಅದಿಲ್ಲ. ನನ್ನ ಗೆರೆ ಹೀಗೆ: ಇಪ್ಪತ್ತು ಪಂದ್ಯದ ನಂತರ ಸರಾಸರಿ ಹನ್ನೆರಡು ನಿಮಿಷಕ್ಕಿಂತ ಕಡಿಮೆ ಇದ್ದು, ಪವರ್‌ಪ್ಲೇಯ ಎರಡನೇ ತಂಡದಲ್ಲೂ ಇಲ್ಲದಿದ್ದರೆ ಧಾರವಾಡದವರು ಗೆದ್ದರು. ಹದಿನಾಲ್ಕು ದಾಟಿದರೆ ಪಾಯಿಂಟ್ ಎಷ್ಟೇ ಇರಲಿ, ಅಲ್ಲೇ ಆಡಲು ಬಿಟ್ಟುಬಿಡಿ.

ಧಾರವಾಡ ಪಕ್
ಹನ್ನೆರಡು. ಬರಕೊಂಡೀನಿ.

ನೀಲಿಗೆರೆ
ನಿಮಿಷದ ಪಟ್ಟಿಯ ಜತೆಗೆ ಇನ್ನೊಂದು ಪರೀಕ್ಷೆಯೂ ಬರುತ್ತದೆ: ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್, 2025ರ ಡಿಸೆಂಬರ್ 26ರಿಂದ ಜನವರಿ 5, ಮಿನ್ನೆಸೋಟದಲ್ಲಿ. ಎನ್‌ಎಚ್‌ಎಲ್ ಅಳತೆಯ ಐಸ್. ಅಲ್ಲಿ ಗೋಲಿಗಿಂತ ಎರಡು ವಿಷಯ ನೋಡಿ. ಮೂಲೆಯಲ್ಲಿ ಪಕ್ ಸಿಕ್ಕಾಗ ತಿರುವು ಒಳಗೋ ಹೊರಗೋ. ಪವರ್‌ಪ್ಲೇ ಇಲ್ಲದ ಶಿಫ್ಟ್‌ನಲ್ಲಿ, ಅಂದರೆ ಐವರಿಗೆ ಐವರು ಇದ್ದಾಗ, ಶಾಟ್ ಎಲ್ಲಿಂದ ಬರುತ್ತಿದೆ, ಚುಕ್ಕೆಗಳ ಒಳಗಿಂದಲೋ ಹೊರಗಿಂದಲೋ.

ದಾವಣಗೆರೆ ದೀಪು
ನಮ್ಮ ಟೈಮ್ ಎಷ್ಟಾಗುತ್ತೆ?

ಮಂಗಳೂರು ಮಾರಾಯ
ಮಿನ್ನೆಸೋಟದ ಸಂಜೆ ಏಳು ಅಂದರೆ ನಮಗೆ ಮರುದಿನ ಬೆಳಗ್ಗೆ ಆರೂವರೆ. ಎಸ್‌ಎಚ್‌ಎಲ್ ಪಂದ್ಯ ಸ್ವೀಡನ್ನಿನ ಸಂಜೆ ಏಳಕ್ಕೆ ಶುರುವಾದರೆ ಚಳಿಗಾಲದಲ್ಲಿ ಇಲ್ಲಿ ರಾತ್ರಿ ಹನ್ನೊಂದೂವರೆ, ಅಕ್ಟೋಬರ್ ಕೊನೆಯ ತನಕ ಹತ್ತೂವರೆ.